ಮೂಗಿನವರೆಗೆ

ಲ್ಯಾಮಿಂಗ್ಟನ್ ರೋಡು, ಮೂರನೆಯ ಮಾಳಿಗೆ, ಲಿಫ್ಟು ಬಂದ್.
ಏದುಸಿರು ಬಿಡುತ್ತ ಬಂದ ದತ್ತಾರಾಮ ಶೆಲಾರ್
ಟವೆಲ್ಲಿನಲ್ಲಿ ಸುತ್ತಿ ತಂದದ್ದನ್ನು
ಮೇಜಿನ ಮೇಲೆ ಇಟ್ಟ ರೀತಿಗೆ
ಒಳಗೆ ಗಾಯಗೊಂಡ ಪಾರಿವಾಳ ಇದೆ ಅಂದುಕೊಂಡೆ.

ಹಾರ್ಡ್ ಡಿಸ್ಕು. ಒಂದು ಟೆರಾಬೈಟು.
ಕರೆಂಟು ಕೊಟ್ಟರೆ ಟಕ್, ಟಕ್, ಟಕ್.
ಹೊರಗಿನಿಂದ ಬೀಗ ಬಿದ್ದ ಬಾಗಿಲನ್ನು
ಒಳಗಿನವರು ತಟ್ಟಿದ ಹಾಗೆ.
‘ಇನ್ನೊಮ್ಮೆ ಚಾಲೂ ಮಾಡಬೇಡಿ’ ಅಂದೆ,
‘ಅದು ತನ್ನನ್ನೇ ಕೆರೆದುಕೊಳ್ಳುತ್ತಿದೆ.’

ಪರೇಲಿನಲ್ಲಿ ಅವರದು ಪಾಸ್‌ಪೋರ್ಟ್ ಫೋಟೋ ಅಂಗಡಿ.
ಹನ್ನೊಂದು ವರ್ಷದ ಮುಖಗಳು:
ರೇಷನ್ ಕಾರ್ಡಿನ, ದುಬೈ ವೀಸಾದ, ಹತ್ತನೆಯ ಹಾಲ್‌ಟಿಕೆಟ್ಟಿನ.
ಗದ್ದ ಮೇಲೆ, ಉಸಿರು ಹಿಡಿ ಅಂದಾಗ
ಹಿಡಿದ ಉಸಿರನ್ನು ಇನ್ನೂ ಬಿಡದವರು.
ಯಾರಾದರೂ ಸತ್ತರೂ ಅಲ್ಲಿಗೇ ಬರುತ್ತಾರಂತೆ ಮನೆಯವರು,
ಎರಡಿಂಚಿನ ಮುಖ ಗೋಡೆಗಾಗುವಷ್ಟು ಮಾಡಿಸಲು.
ಈಗ ಒಬ್ಬಾಕೆ ಮೂರು ದಿನದಿಂದ ಮೆಟ್ಟಿಲ ಮೇಲೆ.
ಲೋಕಲ್ ಟ್ರೇನಿನಿಂದ ಗಂಡ ಬಿದ್ದಾಗ
ಫೋನೂ ಜೊತೆಗೇ ಹೋಯಿತು.
‘ಏನು ಹೇಳಲಿ ಬಾಯಿ?’

ಇದನ್ನು ಎಬ್ಬಿಸಲು ಬದುಕಿರುವ ಇನ್ನೊಂದು ಬೇಕು.
ಅದೇ ಮಾಡೆಲು, ಅದೇ ತಿಂಗಳು, ಥಾಯ್ಲೆಂಡಿನ ಅದೇ ಕಾರ್ಖಾನೆ.
ಜಾತಕ ಕೂಡಿಬರಬೇಕು.
ಕುರ್ಲಾ ಗುಜರಿಯಿಂದ ಮುಸ್ತಕೀಮ್ ತಂದುಕೊಟ್ಟ,
ಹದಿನಾಲ್ಕು ನೂರಕ್ಕೆ.
ಚೆನ್ನಾಗಿ ತಿರುಗುತ್ತಿತ್ತು ಅದು.
ಒಳಗೆ ನೋಡಿದೆ. ನೋಡಬಾರದಿತ್ತು.
ಯಾರದೋ ಮಗು. ಯಾರದೋ ಜಮಾಖರ್ಚು.
ನ್ಯೂ ಫೋಲ್ಡರ್ ಎರಡು.
ಮಾರಿದ್ದೋ, ಕದ್ದದ್ದೋ, ನಾನು ಕೇಳಲಿಲ್ಲ.

ಅಕ್ಕಲಕೋಟೆ ಕಡೆಯವಳು ನಾನು.
ಬೆಳಗಿನಿಂದ ಮರಾಠಿ, ಹಿಂದಿ, ಗಿರಾಕಿಗೆ ತಕ್ಕ ಹಾಗೆ;
ಸ್ಕ್ರೂ ಎಣಿಸುವುದು ಮಾತ್ರ ಕನ್ನಡದಲ್ಲಿ.
ಒಂದ, ಎರಡ, ಮೂರ...
ಆರನೆಯದು ಸ್ಟಿಕ್ಕರಿನ ಅಡಿಗೆ ಅಡಗಿರುತ್ತದೆ.
ಗಾಳಿ ಸೋಸಿ ಬರುವ ಪೆಟ್ಟಿಗೆಯಲ್ಲಿ ಮುಚ್ಚಳ ತೆಗೆದರೆ
ಕನ್ನಡಿ.
ಅಷ್ಟೂ ಮುಖಗಳ ಮೇಲೆ
ಮಾಸ್ಕು ತೊಟ್ಟ ನನ್ನದೊಂದು.
ಒಂದರ ಹೆಡ್ಡು ಕಳಚಿ ಇನ್ನೊಂದಕ್ಕೆ ಕೂರಿಸಿದೆ.
ಗಣಪತಿಗೆ ತಲೆ ಸಿಕ್ಕ ಕಥೆಯಲ್ಲಿ
ಆನೆಯ ತಾಯಿ ಏನೆಂದಳು,
ಅದನ್ನು ಯಾರೂ ಹೇಳುವುದಿಲ್ಲ.

ನಾಲ್ಕು ರಾತ್ರಿ ಓದಿತು.
ಕೆಟ್ಟ ಜಾಗ ಬಂದರೆ ಬಿಟ್ಟು ಮುಂದಕ್ಕೆ,
ಮತ್ತೆ ಹಿಂದಿನಿಂದ ಬಂದು, ಮೆಲ್ಲಗೆ,
ಮುಂಗೋಪಿಯ ಹತ್ತಿರ ಹಳೆಯ ಸಾಲ ಕೇಳುವಂತೆ.
ಬಂದವು. ನಲವತ್ತೊಂದು ಸಾವಿರ ಮುಖ.
ಹೆಸರು ಒಂದಕ್ಕೂ ಬರಲಿಲ್ಲ. ಬರೀ ಅಂಕಿ.

ಆಕೆಯನ್ನೇ ಕರೆಸಿದೆವು, ಶೇವಂತಾ ಗುರವ್.
ನನ್ನ ಸ್ಟೂಲಿನ ಮೇಲೆ ಎರಡು ದಿನ ಕೂತು
ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ
ಮುಖ ಸರಿಸಿದಳು, ಮುಖ ಸರಿಸಿದಳು.
ಮೊದಲು ಸಿಕ್ಕಿದ್ದು ಅವಳೇ.
‘ಅವತ್ತು ಇಬ್ಬರೂ ಹೋಗಿದ್ದೆವು,
ಅಂಗಡಿಯ ಒಂದೇ ಬಾಚಣಿಗೆ.’
ಮುಂದಿನ ಅಂಕಿ ನಾನು ಒತ್ತಿದೆ.

ಹಣೆ. ಎಣ್ಣೆ ಹಾಕಿ ಪಕ್ಕಕ್ಕೆ ತೆಗೆದ ಬೈತಲೆ.
ಹುಬ್ಬು. ಎರಡು ಕಣ್ಣು. ಮೂಗು ಅರ್ಧ.
ಅಲ್ಲಿಂದ ಕೆಳಗೆ ಬೂದು ಬಣ್ಣ.

ಬೇರೆ ಯಾರದಾದರೂ ಬಾಯಿ ಕೂಡಿಸಿ ಕೊಡುತ್ತೇನೆ,
ಗೊತ್ತೇ ಆಗುವುದಿಲ್ಲ ಅಂದರು ಶೆಲಾರ್,
ಒಳ್ಳೆಯ ಮನಸ್ಸಿನಿಂದಲೇ.
‘ಬೇಡ, ಹೀಗೇ ಇರಲಿ’ ಅಂದಳು.
‘ಆ ಬಾಯಿ ನನಗೆ ಗೊತ್ತು.
ಹತ್ತೊಂಬತ್ತು ವರ್ಷ ಬೈಸಿಕೊಂಡಿದ್ದೇನೆ.’
ನಕ್ಕಳೋ ಏನೋ, ಫ್ಯಾನಿನ ಸದ್ದಿಗೆ ತಿಳಿಯಲಿಲ್ಲ.

ಬಿಲ್ಲಿನಲ್ಲಿ ಆ ಹದಿನಾಲ್ಕು ನೂರನ್ನೂ ಸೇರಿಸಿದೆ.
ಕುರ್ಲಾದಿಂದ ಬಂದದ್ದು ಈಗ ನನ್ನ ಡ್ರಾಯರಿನಲ್ಲಿದೆ.
ಮಗು, ಜಮಾಖರ್ಚು, ನ್ಯೂ ಫೋಲ್ಡರ್ ಎರಡು,
ಎಲ್ಲ ಹಾಗೇ ಇದೆ ಒಳಗೆ. ಓದಲು ತಲೆಯಿಲ್ಲ, ಅಷ್ಟೆ.
ಯಾರಾದರೂ ಕೇಳಿಕೊಂಡು ಬಂದಾರೆಂದು
ಆರೂ ಸ್ಕ್ರೂ ತಿರುಗಿ ಬಿಗಿದಿಟ್ಟಿದ್ದೇನೆ.